ಬಿಸಿಲುನಾಡಿನ ನಾಯಿ ಆಶ್ರಯದಲ್ಲಿ ಸ್ವಯಂಸೇವೆ: ಸಮಗ್ರ ಮಾರ್ಗದರ್ಶಿ

ನಾಯಿ ಕಂಡರೆ ಪ್ರೀತಿ ಇರುವವರು ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಶ್ರಯ ನಡೆಸುವವರಿಗೆ ಸಿಗದೇ ಇರುವುದು ವಾರ ತಪ್ಪದೆ ಬರುವ ಕೈ. ಭಾನುವಾರ ಹತ್ತಿಪ್ಪತ್ತು ಜನ ಬಂದು ಬಿಸ್ಕತ್ತು, ಹಾಲು ಹಂಚಿ ಫೋಟೊ ತೆಗೆದುಕೊಂಡು ಹೋದರೆ, ಸೋಮವಾರ ಬೆಳಗ್ಗೆ ಅಲ್ಲಿನ ಕೆಲಸಗಾರರು ಭೇದಿ ಬಳಿಯಬೇಕಾಗುತ್ತದೆ. ವಾರಕ್ಕೆ ಎರಡು ಬೆಳಗ್ಗೆ, ತಲಾ ಎರಡು ಗಂಟೆ, ಕನಿಷ್ಠ ಆರು ತಿಂಗಳು ಬರುತ್ತೇನೆ ಎನ್ನುವವರಿಗಾಗಿ ಇಲ್ಲಿನ ಮಾತು.

ಎಲ್ಲಿ ಹೋಗಿ ಕೇಳಬೇಕು

ಬೋರ್ಡು ಹುಡುಕುತ್ತ ಅಲೆಯುವ ಬದಲು ನಿಮ್ಮ ಊರಿನ ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಿ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲಿ, ಯಾರ ಹೊಣೆಯಲ್ಲಿ ನಡೆಯುತ್ತಿದೆ ಎಂಬುದು ಅಲ್ಲಿ ಗೊತ್ತಿರುತ್ತದೆ. ಎರಡನೆಯದು ಜಿಲ್ಲಾ ಪಶು ಆಸ್ಪತ್ರೆ. ಗಾಯಗೊಂಡ ನಾಯಿಯನ್ನು ಪದೇ ಪದೇ ಯಾರು ಹೊತ್ತು ತರುತ್ತಾರೆ ಎಂದು ಅಲ್ಲಿನ ವೈದ್ಯರನ್ನೋ ಕಾಂಪೌಂಡರರನ್ನೋ ಕೇಳಿದರೆ ನಿಜವಾಗಿ ಕೆಲಸ ಮಾಡುವವರ ವಿಳಾಸ ಸಿಕ್ಕೇಬಿಡುತ್ತದೆ. ಜಿಲ್ಲಾ ಪ್ರಾಣಿ ದಯಾ ಸಂಘದಲ್ಲೂ ಕೇಳಬಹುದು.

ಮೊದಲ ಭೇಟಿಯಲ್ಲಿ ನಾಯಿಗಳನ್ನು ಮುಟ್ಟದೆ ಸುಮ್ಮನೆ ನೋಡಿ. ನೀರಿನ ಬಾನಿಯಲ್ಲಿ ಪಾಚಿ ಇದೆಯೇ, ಹೊಸದಾಗಿ ಬಂದ ನಾಯಿಗೆ ಬೇರೆ ಕೋಣೆ ಇದೆಯೇ, ಲಸಿಕೆ ಬರೆದಿಡುವ ರಿಜಿಸ್ಟರ್ ಇದೆಯೇ, ಪಶುವೈದ್ಯರು ಯಾವ ದಿನ ಬರುತ್ತಾರೆ? ಈ ನಾಲ್ಕಕ್ಕೂ ನೇರ ಉತ್ತರ ಬಂದರೆ ಜಾಗ ಬಡವಾಗಿದ್ದರೂ ಪರವಾಗಿಲ್ಲ, ಸೇರಿಕೊಳ್ಳಿ. ಹೊಸ ನಾಯಿಯನ್ನು ಬಂದ ದಿನವೇ ಹಿಂಡಿಗೆ ಬಿಡುವ ಕಡೆ ಎಷ್ಟು ದುಡಿದರೂ ಮರಿಗಳು ಸಾಯುತ್ತಲೇ ಇರುತ್ತವೆ.

ಕಾನೂನಿನ ಚೌಕಟ್ಟು ತಿಳಿದಿರಲಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಆಮೇಲೆ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ವಿನಾಯಿತಿ ಮಾಡಿತು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯದಲ್ಲಿಡಬೇಕೆಂದಿತು. ಹಾಗೆ ಬಂದ ನಾಯಿ ನಾಲ್ಕು ದಿನ ಇದ್ದು ಹೋಗುವ ಅತಿಥಿ ಅಲ್ಲ. ಅದಕ್ಕೆ ಓಡಾಟ ಬೇಕು, ಮೈದಡವುವ ಕೈ ಬೇಕು. ಸ್ವಯಂಸೇವಕರ ಅಗತ್ಯ ಹೆಚ್ಚಿರುವುದೂ ಇಲ್ಲೇ.

ಮೊದಲು ನಿಮ್ಮ ತೋಳಿಗೆ ಸೂಜಿ

ರೇಬಿಸ್ ಮುಂಚಿತ ಲಸಿಕೆ ಹಾಕಿಸಿಕೊಳ್ಳದೆ ಕೆಲಸ ಶುರು ಮಾಡಬೇಡಿ. ಮೂರು ಡೋಸ್: ಮೊದಲ ದಿನ (ಲೆಕ್ಕದಲ್ಲಿ 0), 7ನೆಯ ದಿನ, 21 ಅಥವಾ 28ನೆಯ ದಿನ. ಇದಕ್ಕೆ ವೈದ್ಯರಿಂದ ಚೀಟಿ ಬರೆಸಿಕೊಂಡು ಲಸಿಕೆಯನ್ನು ಹೊರಗೆ ಕೊಳ್ಳಬೇಕಾಗಬಹುದು. ಮುಂಚಿತ ಲಸಿಕೆ ಆಗಿದ್ದವರಿಗೆ ಮುಂದೆ ನಾಯಿ ಕಚ್ಚಿದರೆ 0 ಮತ್ತು 3ನೆಯ ದಿನ ಎರಡು ಡೋಸ್ ಸಾಕು, ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಮದ್ದು) ಬೇಕಾಗುವುದಿಲ್ಲ. ಧನುರ್ವಾಯು ಲಸಿಕೆಯನ್ನೂ ಜೊತೆಗೇ ಮುಗಿಸಿ. ಡೋಸ್ ತಾರೀಖಿನ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಕಚ್ಚಿಸಿಕೊಂಡ ಗಡಿಬಿಡಿಯಲ್ಲಿ ಯಾರಿಗೂ ತಾರೀಖು ನೆನಪಾಗುವುದಿಲ್ಲ.

ಉಡುಪಿಗೆ ದಪ್ಪ ಜೀನ್ಸ್ ಪ್ಯಾಂಟ್, ಪೂರ್ತಿ ತೋಳಿನ ಹತ್ತಿ ಅಂಗಿ, ಮುಚ್ಚಿದ ಬೂಟು. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಇದಕ್ಕೇನೂ ಬರವಿಲ್ಲ. ಚಪ್ಪಲಿ, ದುಪಟ್ಟಾ, ಜೋತುಬಿದ್ದ ಓಲೆ ಬೇಡ. ಆಶ್ರಯದ ಬಟ್ಟೆ, ಬೂಟು ಅಲ್ಲೇ ಇರಲಿ ಅಥವಾ ಚೀಲದಲ್ಲಿ ಕಟ್ಟಿ ಮನೆಗೆ ಒಯ್ದು ಬೇರೆಯಾಗಿ ತೊಳೆಯಿರಿ. ನಿಮ್ಮ ಮನೆಯಲ್ಲಿ ಲಸಿಕೆ ಮುಗಿಯದ ಮರಿ ಇದ್ದರೆ ಅದರ ಲಸಿಕೆ ಮುಗಿಯುವವರೆಗೆ ಆಶ್ರಯಕ್ಕೆ ಹೋಗದಿರುವುದೇ ಒಳ್ಳೆಯದು. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಬೂಟಿನ ಅಡಿಯಲ್ಲೇ ಮನೆಗೆ ಬರುತ್ತದೆ.

ಶುಚಿ ಮಾಡುವ ಕ್ರಮ

ಯಾವ ಕೋಣೆ ಮೊದಲು ಎಂಬುದರ ಮೇಲೆ ಎಲ್ಲ ನಿಂತಿದೆ. ಆರೋಗ್ಯವಾಗಿರುವ ಮರಿಗಳು ಮೊದಲು, ಆಮೇಲೆ ಆರೋಗ್ಯವಂತ ದೊಡ್ಡ ನಾಯಿಗಳು, ನಂತರ ಹೊಸದಾಗಿ ಬಂದು 14 ದಿನ ಪ್ರತ್ಯೇಕ ಇರಿಸಿದವು, ಕೊನೆಗೆ ಕಾಯಿಲೆಯವು. ಹಿಂದಕ್ಕೆ ಬರುವಂತಿಲ್ಲ. ಒಂದೊಂದು ವಿಭಾಗಕ್ಕೆ ಒಂದೊಂದು ಪೊರಕೆ, ಬಕೆಟ್, ವೈಪರ್ ಇಟ್ಟು ಹಿಡಿಕೆಗೆ ಬಣ್ಣದ ಟೇಪ್ ಸುತ್ತಿ.

ಒಳಗೆ ಮಾಡುವ ಕೆಲಸ ಹೀಗೆ:

1. ನಾಯಿಯನ್ನು ಬೇರೆಡೆ ಕಟ್ಟಿ ಅಥವಾ ಪಕ್ಕದ ಖಾಲಿ ಕೋಣೆಗೆ ದಾಟಿಸಿ.
2. ಹೇಲನ್ನು ಒಣಗಿರುವಾಗಲೇ ತಗಡಿನಿಂದ ಎತ್ತಿ ಚೀಲಕ್ಕೆ ಹಾಕಿ. ಪೈಪ್ ಹಿಡಿದು ನೇರವಾಗಿ ನೀರು ಚಿಮ್ಮಿಸಿದರೆ ಸೋಂಕು ಗೋಡೆಗೂ ಪಕ್ಕದ ಕೋಣೆಗೂ ಹಾರುತ್ತದೆ.
3. ಸೋಪಿನ ನೀರಿನಲ್ಲಿ ಉಜ್ಜಿ, ಮೂತ್ರದ ವಾಸನೆ ಹೋಗುವಂತೆ ತೊಳೆದು, ವೈಪರ್ ಎಳೆಯಿರಿ.
4. 10 ಲೀಟರ್ ನೀರಿಗೆ 60 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ನೆಲಕ್ಕೂ ಮೂಲೆಗಳಿಗೂ ಹಾಕಿ. ಹತ್ತು ನಿಮಿಷ ಹಸಿಯಾಗಿಯೇ ಇರಬೇಕು.
5. ಚೆನ್ನಾಗಿ ತೊಳೆದು, ಒಣಗಿಸಿ, ಆಮೇಲೆ ನಾಯಿಯನ್ನು ಬಿಡಿ.

ಕೆಡುವುದು ಸಾಮಾನ್ಯವಾಗಿ ಮೂರನೆಯ ಹೆಜ್ಜೆಯಲ್ಲಿ. ಹೇಲು, ಕೂದಲು ಉಳಿದಿರುವ ನೆಲದ ಮೇಲೆ ಬ್ಲೀಚಿಂಗ್ ಹಾಕಿದರೆ ಕ್ಲೋರಿನ್ ಆ ಹೊಲಸಿನ ಮೇಲೆಯೇ ಖರ್ಚಾಗಿ ಪಾರ್ವೊ ಹಾಗೆಯೇ ಉಳಿಯುತ್ತದೆ. ಬಾಯಿ ತೆರೆದಿಟ್ಟ ಪೌಡರ್ ಚೀಲ ನಮ್ಮ ಬಿಸಿಲಿಗೆ ಬೇಗ ಸತ್ತುಹೋಗುತ್ತದೆ; ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆರಳಲ್ಲಿಡಿ, ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ. ಪಾಯಿಖಾನೆ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಸೇರಿಸಿದರೆ ವಿಷಗಾಳಿ ಏಳುತ್ತದೆ. ಇನ್ನು ಕಪ್ಪು ಫಿನಾಯಿಲ್: ನೆಲ ನೆಕ್ಕಿದ, ಹಸಿ ಫಿನಾಯಿಲ್ ಮೇಲೆ ಮಲಗಿದ ನಾಯಿಗೆ ಬಾಯಿ, ಚರ್ಮ ಸುಡುತ್ತದೆ. ಹುಳ ಬಿದ್ದ ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ ಸುರಿಯುವ ಹಳೆಯ ರೂಢಿಯನ್ನಂತೂ ಬಿಟ್ಟೇಬಿಡಬೇಕು. ಅದು ವೈದ್ಯರ ಕೆಲಸ.

ಅಡುಗೆ

ಈ ಭಾಗಕ್ಕೆ ಒಂದು ಅನುಕೂಲ ಇದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ನುಚ್ಚಕ್ಕಿ ಅಗ್ಗಕ್ಕೆ ಸಿಗುತ್ತದೆ. ಸುಮಾರು 15 ಕಿಲೊ ತೂಗುವ ಹತ್ತು ನಾಯಿಗಳಿಗೆ ಒಂದು ದಿನದ ಲೆಕ್ಕ: ನುಚ್ಚಕ್ಕಿ ಒಂದೂವರೆ ಕಿಲೊ, ಎಲುಬು ತೆಗೆದ ಕೋಳಿ ಮಾಂಸ ಮತ್ತು ಚರ್ಮ ಸೇರಿ ಒಂದೂವರೆ ಕಿಲೊ (ಅದರಲ್ಲಿ ಲಿವರ್ 150 ಗ್ರಾಂ ಮೀರದಿರಲಿ), ಕುಂಬಳ ಅಥವಾ ಗಜ್ಜರಿ ಅರ್ಧ ಕಿಲೊ, ಎಣ್ಣೆ 50 ಮಿಲಿ, ನೀರು ಆರು ಲೀಟರ್. ಮಾಂಸ, ತರಕಾರಿ ಅರೆಬೆಂದ ಮೇಲೆ ತೊಳೆದ ನುಚ್ಚು ಹಾಕಿ, ತಳ ಹಿಡಿಯದಂತೆ ತಿರುವುತ್ತ ಗಂಜಿಗಿಂತ ಗಟ್ಟಿಯಾಗಿ ಇಳಿಸಿ. ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ. ಆರಿದ ಮೇಲೆ ನಾಯಿಗೆ ಅರ್ಧ ಚಮಚದಂತೆ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಬೆರೆಸಿ. ಬರೀ ಅನ್ನ ಮಾಂಸದಲ್ಲಿ ಸುಣ್ಣದ ಅಂಶ ಸಾಲದು. ಮಾಂಸ ಸಿಗದ ದಿನ ತಲಾ ಎರಡು ಬೇಯಿಸಿದ ಮೊಟ್ಟೆ. ಜೋಳದ ನುಚ್ಚನ್ನು ಮೂರನೆಯ ಒಂದು ಪಾಲು ಸೇರಿಸಬಹುದು, ಆದರೆ ಅದನ್ನು ಮೊದಲೇ ಬೇಯಲು ಹಾಕಬೇಕು.

ದಾನವಾಗಿ ಬರುವ ಊಟವನ್ನು ಬಾಗಿಲಲ್ಲೇ ನೋಡಿ. ಮದುವೆಮನೆಯ ಬಿಳಿ ಅನ್ನ ಅದೇ ದಿನದ್ದಾದರೆ ಸರಿ. ಸಾರು ಕಲಸಿದ ಅನ್ನ, ಬಿರಿಯಾನಿ, ಹೋಳಿಗೆ, ಮಿರ್ಚಿ ಯಾವುದೂ ಬೇಡ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ದೊಡ್ಡ ನಾಯಿಗಳಿಗೆ ಹಾಲು ಅರಗುವುದು ಕಷ್ಟ. ತಂದವರ ಮನಸ್ಸು ನೋಯಿಸಬಾರದಲ್ಲ, ಹಾಗಾಗಿ ನುಚ್ಚು, ಮೊಟ್ಟೆ, ಬ್ಲೀಚಿಂಗ್ ಪೌಡರ್, ಹಳೆ ಗೋಣಿಚೀಲ ಬೇಕೆಂದು ಗೇಟಿಗೇ ಒಂದು ಪಟ್ಟಿ ಬರೆದು ಹಾಕಿ.

ತಟ್ಟೆಗಳ ನಡುವೆ ಆರು ಅಡಿ ಅಂತರ ಇರಲಿ, ಹದಿನೈದು ನಿಮಿಷದ ನಂತರ ತಟ್ಟೆ ಎತ್ತಿ. ಯಾವ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದೇ ಅಂದಿನ ಮೊದಲ ಆರೋಗ್ಯ ವರದಿ.

ಮಾರ್ಚಿಯಿಂದ ಜೂನ್

ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ನಾಯಿಗೆ ಮೈತುಂಬ ಬೆವರಿಲ್ಲ. ಏದುಸಿರು ಬಿಡುತ್ತ ನಾಲಗೆಯಿಂದಲೇ ಬಿಸಿ ಹೊರಹಾಕಬೇಕು. ಕಿಲೊ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ನೀರು ಮಾಮೂಲಿ ಲೆಕ್ಕವಾದರೆ, ಈ ತಿಂಗಳುಗಳಲ್ಲಿ ಅದರ ಎರಡು ಪಟ್ಟು ಹಿಡಿಯಿರಿ. ಸಿಮೆಂಟ್ ಬಾನಿಯನ್ನು ನೆರಳಲ್ಲಿಟ್ಟು ದಿನವೂ ಉಜ್ಜಿ ತುಂಬಿಸಿ. ಬಿಸಿಲಲ್ಲಿಟ್ಟ ಸ್ಟೀಲ್ ಬೋಗುಣಿಯ ನೀರನ್ನು ಮಧ್ಯಾಹ್ನ ನಾಯಿ ಮೂಸಿಯೂ ನೋಡುವುದಿಲ್ಲ. ತಗಡಿನ ಚಾವಣಿ ಇದ್ದರೆ ಮೇಲೆ ಜೋಳದ ಸೊಪ್ಪೆ ಅಥವಾ ತೆಂಗಿನ ಗರಿ ಹೊದಿಸಿ, ಗಾಳಿ ಬರುವ ಬದಿಗೆ ಒದ್ದೆ ಗೋಣಿ ಇಳಿಬಿಡಿ. ಗಾಳಿ ಆಡದ ಮುಚ್ಚಿದ ಕೋಣೆಯಲ್ಲಿ ಒದ್ದೆ ಗೋಣಿ ಕಟ್ಟಿದರೆ ಸೆಕೆ ಹೆಚ್ಚಿ ಪರಿಣಾಮ ಉಲ್ಟಾ ಆಗುತ್ತದೆ.

ಓಡಾಡಿಸುವುದು ಬೆಳಗ್ಗೆ ಏಳೂವರೆಯೊಳಗೆ, ಸಂಜೆ ಏಳರ ನಂತರ. ಅಂಗೈ ಹಿಂಬದಿಯನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಶಹಾಬಾದ್ ಕಲ್ಲಿನ ಅಂಗಳ ಸೂರ್ಯ ಮುಳುಗಿ ಬಹಳ ಹೊತ್ತಾದರೂ ಬಿಸಿಯಾಗಿಯೇ ಇರುತ್ತದೆ.

ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಾಯಿ ಅಗಲಿಸಿ ಏದುಸಿರು, ಒಸಡು ಕಡುಗೆಂಪು, ಅಂಟು ಜೊಲ್ಲು, ತೂರಾಟ ಕಂಡರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 104 ದಾಟಿದ್ದರೆ ತಡಮಾಡಬೇಡಿ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಪಾದಗಳಿಗೆ ನಲ್ಲಿ ನೀರು ಸುರಿಯುತ್ತ ಫ್ಯಾನ್ ಹಾಕಿ. ಮಂಜುಗಡ್ಡೆ ಇಟ್ಟರೆ ಚರ್ಮದ ರಕ್ತನಾಳ ಕುಗ್ಗಿ ಬಿಸಿ ಒಳಗೇ ಉಳಿಯಬಹುದು. ಒದ್ದೆ ಟವೆಲ್ ಹೊದಿಸಿ ಬಿಡುವುದೂ ತಪ್ಪು, ಎರಡು ನಿಮಿಷದಲ್ಲಿ ಅದೇ ಕಂಬಳಿಯಾಗುತ್ತದೆ. 103ಕ್ಕೆ ಇಳಿದಾಗ ನೀರು ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಿರಿ. ನೋಡಲು ಸುಧಾರಿಸಿದಂತಿದ್ದರೂ ಒಳಗಿನ ಅಂಗಗಳಿಗೆ ಪೆಟ್ಟು ಬಿದ್ದಿರಬಹುದು.

ಹೆದರಿದ ನಾಯಿಗೆ ಹಗ್ಗ ಹಾಕುವುದು

ಹೊಸಬರು ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಈ ಕ್ಷಣದಲ್ಲಿ, ಹಾಗಾಗಿ ನಿಧಾನ ಓದಿ. ಬೀದಿಯಲ್ಲಿ ಬೆಳೆದ ನಾಯಿಗೆ ಕೊರಳಿಗೆ ಬೀಳುವ ಹಗ್ಗ ಎಂದರೆ ಹಿಡಿಯುವ ವ್ಯಾನಿನ ನೆನಪು.

ಒಳಗೆ ಹೋಗುವ ಮುನ್ನ ಎರಡು ನಿಮಿಷ ಹೊರಗೆ ನಿಂತು ಮೈ ಓದಿ. ಮೈ ಕಲ್ಲಾಗಿ ಸೆಟೆದಿದೆಯೇ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿದೆಯೇ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುತ್ತಿದೆಯೇ, ಆಕಳಿಸುತ್ತಿದೆಯೇ? ಇವೆಲ್ಲ ದೂರ ಇರು ಎಂಬ ಮಾತು. ಬಾಲ ಅಲ್ಲಾಡಿಸಿತೆಂದು ನಂಬಬೇಡಿ. ಎತ್ತಿ ಹಿಡಿದ ಬಿರುಸಾದ ಬಾಲದ ತುದಿ ಮಾತ್ರ ಅಲ್ಲಾಡುತ್ತಿದ್ದರೆ ಅದು ಸ್ನೇಹವಲ್ಲ. ಗುರ್ ಎಂದರೆ ಗದರಿಸಬೇಡಿ. ಗದರಿಸಿ ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಬಾಗಿಲನ್ನು ಮೊಣಕಾಲು ಅಡ್ಡ ಇಟ್ಟು ನಿಮ್ಮ ಮೈ ಹಿಡಿಸುವಷ್ಟೇ ತೆರೆದು, ಒಳ ಸೇರಿ ಚಿಲಕ ಹಾಕಿ. ನಾಯಿಗೆ ಪಕ್ಕೆ ಕೊಟ್ಟು ಕೂರಿ, ಮುಖ ನೋಡಬೇಡಿ. ಬೇಯಿಸಿದ ಲಿವರಿನ ಕಡಲೆಕಾಳು ಗಾತ್ರದ ಚೂರುಗಳನ್ನು ಅದರತ್ತ ಎಸೆಯಿರಿ, ಒಂದೊಂದು ಚೂರೂ ನಿಮಗೆ ತುಸು ಹತ್ತಿರ ಬೀಳಲಿ. ಮೊದಲ ದಿನ ಇಷ್ಟೇ ಆದರೆ ಸಾಕು, ಎದ್ದು ಬನ್ನಿ.

ಕೈಯಿಂದ ತಿನ್ನತೊಡಗಿದ ಮೇಲೆ ಸ್ಲಿಪ್ ಲೀಶಿನ (ಎಳೆದರೆ ಬಿಗಿಯುವ ಕುಣಿಕೆ ಇರುವ ಹಗ್ಗ) ಕುಣಿಕೆಯನ್ನು ಒಂದು ಅಡಿ ಅಗಲ ಬಿಡಿಸಿ ಎಡಗೈಯಲ್ಲಿ ಹಿಡಿದು, ಬಲಗೈಯ ಚೂರನ್ನು ಕುಣಿಕೆಯ ಆಚೆಯಿಂದ ತೋರಿಸಿ. ತಿನ್ನಲು ನಾಯಿ ತಾನೇ ತಲೆ ತೂರಿಸುತ್ತದೆ. ತಲೆಯ ಮೇಲಿಂದ ಕೈ ತರಬೇಡಿ. ಕುಣಿಕೆ ಕಿವಿಯ ಹಿಂದೆ ಬಂದಾಗ ಮೆಲ್ಲಗೆ ಬಿಗಿದು, ತಡೆಯ ರಬ್ಬರನ್ನು ಎರಡು ಬೆರಳು ಹಿಡಿಸುವಷ್ಟಕ್ಕೆ ಸರಿಸಿ. ಹಗ್ಗ ಬಿದ್ದ ಕೂಡಲೇ ಕೆಲವು ನಾಯಿ ನೆಲಕ್ಕೆ ಬಿದ್ದು ಹೊರಳುತ್ತವೆ, ಹಗ್ಗ ಕಡಿಯುತ್ತವೆ. ಆಗ ಎಳೆದರೆ ಕುಣಿಕೆ ಬಿಗಿದು ಭಯ ಇಮ್ಮಡಿಸುತ್ತದೆ. ಹಗ್ಗ ಸಡಿಲ ಬಿಟ್ಟು ಅಲ್ಲಾಡದೆ ಕಾಯಿರಿ, ಸುಸ್ತಾಗಿ ಎದ್ದು ನಿಲ್ಲುತ್ತದೆ. ಹಗ್ಗದ ತುದಿಯ ಹಿಡಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಉಳಿದದ್ದನ್ನು ಮಡಚಿ ಹಿಡಿಯಿರಿ, ಕೈಗೆ ಸುತ್ತಿಕೊಂಡರೆ ನಾಯಿ ಜಿಗಿದಾಗ ಬೆರಳು ಮುರಿಯುತ್ತದೆ.

ಹೊರಗೆ ಒಯ್ಯುವಾಗ ಅಂಜುಬುರುಕ ನಾಯಿಗೆ ಎರಡು ಹಗ್ಗ: ಒಂದು ಕೊರಳಬೆಲ್ಟಿಗೆ, ಇನ್ನೊಂದು ಎದೆಪಟ್ಟಿಗೆ. ಸಾಕಿ ಕೈಬಿಟ್ಟ ಮುಧೋಳ ನಾಯಿಯ ಸಪೂರ ತಲೆ ಸಾಮಾನ್ಯ ಬೆಲ್ಟಿನಿಂದ ಸಲೀಸಾಗಿ ಕಳಚಿಕೊಳ್ಳುತ್ತದೆ. ಎಳೆದಾಗ ಬಿಗಿಯುವ ಅಗಲ ಬೆಲ್ಟ್ ಹಾಕಿ, ಮೊಲ ಕಾಣಬಹುದಾದ ಹೊಲದ ಕಡೆ ಕರೆದೊಯ್ಯಬೇಡಿ.

ನಾಯಿಗಳು ಕಚ್ಚಾಡಿದರೆ ನಡುವೆ ಕೈ ಹಾಕಬಾರದು. ಒಂದು ಬಕೆಟ್ ನೀರು ಮುಖಕ್ಕೆ ಎರಚಿ, ಸ್ಟೀಲ್ ತಟ್ಟೆ ಬಡಿಯಿರಿ, ಅಗಲ ಹಲಗೆಯನ್ನು ನಡುವೆ ತೂರಿಸಿ. ಆ ಹಲಗೆ ಓಣಿಯಲ್ಲಿ ಸದಾ ಒರಗಿಸಿಟ್ಟಿರಲಿ.

ನೋಡಿ ಬರೆದಿಡುವುದು

ದಿನವೂ ಬರುವ ವೈದ್ಯರು ಸಿಗುವುದು ಅಪರೂಪ, ಹಾಗಾಗಿ ನಿಮ್ಮ ಕಣ್ಣೇ ಆಧಾರ. ನಾಯಿಗೊಂದು ಸಾಲು: ತಿಂದಿತೇ, ನೀರು ಕುಡಿಯಿತೇ, ಹೇಲು ಗಟ್ಟಿಯೋ ನೀರೋ, ಮೂತ್ರದ ಬಣ್ಣ, ನಡಿಗೆ. ಗಣಿ ಧೂಳು ಮೆತ್ತಿದ ಮೈಯಲ್ಲಿ ಗಾಯ ಕಣ್ಣಿಗೆ ಬೀಳುವುದಿಲ್ಲ, ಕೈಯಾಡಿಸಿಯೇ ನೋಡಬೇಕು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಉಣ್ಣಿ ಜ್ವರ ಹಿಡಿದ ನಾಯಿಯ ಒಸಡು ಬಿಳಚಿಕೊಂಡು ಮೂಗಲ್ಲಿ ರಕ್ತ ಬರಬಹುದು. ಮರಿ ವಾಂತಿ ಮಾಡಿ ದುರ್ನಾತದ ರಕ್ತಭೇದಿ ಹೋದರೆ ಪಾರ್ವೊ ಎಂದೇ ತಿಳಿದು ಆ ಗಳಿಗೆಯಲ್ಲೇ ಬೇರ್ಪಡಿಸಿ. ಕಣ್ಣು ಮೂಗಲ್ಲಿ ಕೀವು, ಆಮೇಲೆ ತಲೆ ಅಥವಾ ಕಾಲಿನ ಅದುರು ಬಂದರೆ ಡಿಸ್ಟೆಂಪರ್ ಎಂಬ ಸೋಂಕು ರೋಗ ಇರಬಹುದು. ಕಿವಿಯಂಚು, ಮೊಣಕೈ ಮೇಲೆ ತೊಗಟೆ ಕಟ್ಟಿದ ತುರಿಕಜ್ಜಿ ನಿಮಗೂ ಹತ್ತುತ್ತದೆ, ಕೈಗವಸು ಬಿಡಬೇಡಿ. ಇಲಿ ಓಡಾಡುವ ಉಗ್ರಾಣವಿದ್ದರೆ ಇಲಿಜ್ವರದ ಭಯವೂ ಇದೆ. ನುಚ್ಚಿನ ಚೀಲ ಡ್ರಮ್ಮಿನೊಳಗೆ ಹೋಗಲಿ.

ರೇಬಿಸ್ ಅನುಮಾನ, ಕಚ್ಚಿದಾಗ

ಬಾಯಿ ಜೋತುಬಿದ್ದು, ಜೊಲ್ಲು ಸುರಿಸುತ್ತ, ಬೊಗಳು ಒಡಕಾಗಿ, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡು ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಎಂದೂ ಹಾಕಬೇಡಿ. ಕೋಣೆ ಮುಚ್ಚಿ, ಬೀಗ ಹಾಕಿ, ವೈದ್ಯರಿಗೆ ತಿಳಿಸಿ.

ಕಚ್ಚಿದರೆ, ಪರಚಿದರೆ, ತೆರೆದ ಗಾಯಕ್ಕೆ ಜೊಲ್ಲು ತಗುಲಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬಾರದು, ಗಾಯ ಬಿಗಿದು ಕಟ್ಟಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗಳಾದ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮುಂಚಿತ ಲಸಿಕೆ ಆಗಿರದವರಿಗೆ ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೆಯ ದಿನ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಿ, ಆದರೆ ಆ ಹತ್ತು ದಿನ ಮುಗಿಯಲೆಂದು ನಿಮ್ಮ ಲಸಿಕೆ ಮುಂದೂಡಬೇಡಿ.

ಶಸ್ತ್ರಚಿಕಿತ್ಸೆಯ ದಿನಗಳಲ್ಲಿ

ಹಿಂದಿನ ರಾತ್ರಿಯಿಂದ ಉಪವಾಸವಿರುವ ನಾಯಿ ನಿಮ್ಮನ್ನು ದೈನ್ಯವಾಗಿ ನೋಡುತ್ತದೆ. ಒಂದು ಬಿಸ್ಕತ್ತು ಕೊಟ್ಟರೂ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯಬಹುದು, ಹಾಗಾಗಿ ಕೋಣೆಗೆ ‘ಉಪವಾಸ’ ಎಂದು ಚೀಟಿ ತೂಗುಹಾಕಿ. ನಾಯಿಯನ್ನು ಹಿಡಿದ ಓಣಿಯ ಹೆಸರಿರುವ ಚೀಟಿ ಅದಲುಬದಲಾಗದಂತೆ ನೋಡುವುದು ನಿಮ್ಮ ಕೈಲಾಗುವ ದೊಡ್ಡ ಉಪಕಾರ. ಬಳ್ಳಾರಿಯ ಕೌಲ್ ಬಜಾರಿನ ನಾಯಿಯನ್ನು ಊರಿನ ಇನ್ನೊಂದು ತುದಿಯಲ್ಲಿ ಇಳಿಸಿದರೆ ಅಲ್ಲಿನ ಹಿಂಡು ಅದನ್ನು ಬದುಕಗೊಡುವುದಿಲ್ಲ. ಹೊಲಿಗೆಯನ್ನು ದಿನಕ್ಕೆರಡು ಸಲ ನೋಡಿ. ಊತ, ಕೀವು, ನೊಣ ಕಂಡರೆ ಬಿಡುಗಡೆ ನಿಲ್ಲಿಸಲು ಹೇಳಿ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ.

ಸದ್ದಿನ ರಾತ್ರಿಗಳು

ದೀಪಾವಳಿ, ಗಣೇಶನ ವಿಸರ್ಜನೆ, ಅಲಾಯಿ (ಮೊಹರಂ) ಹಬ್ಬದ ಹಲಗೆ ವಾದ್ಯದ ಸದ್ದು. ಈ ರಾತ್ರಿಗಳಲ್ಲಿ ನಾಯಿ ಜಾಲರಿ ಹರಿದು ಓಡಿಹೋಗುವುದುಂಟು. ಸಂಜೆ ಬೆಳಕಿರುವಾಗಲೇ ಓಡಾಟ, ಊಟ ಮುಗಿಸಿ, ಒಳಕೋಣೆಗೆ ಸೇರಿಸಿ, ಕಿಟಕಿಗೆ ಗೋಣಿ ಕಟ್ಟಿ, ಎರಡು ಚಿಲಕ ನೋಡಿ. ಒಬ್ಬರು ರಾತ್ರಿ ಅಲ್ಲೇ ಉಳಿಯಬೇಕು.

ದತ್ತು ಕೊಡುವಾಗ

ಮರಿ ಮುದ್ದಾಗಿದೆ ಎಂದು ಕೇಳಿದವರಿಗೆ ಅಂದೇ ಕೊಡಬೇಡಿ. ಮನೆಗೆ ಹೋಗಿ ಗೇಟು, ಕಾಂಪೌಂಡು, ಮಧ್ಯಾಹ್ನದ ನೆರಳು ನೋಡಿ; ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿ. ಹೊಲ ಕಾಯಲು, ಗೋದಾಮು ಕಾಯಲು ಬೇಕು ಎಂದವರನ್ನು ಊಟ ಯಾರು ಹಾಕುತ್ತಾರೆ, ಕಟ್ಟಿ ಹಾಕುತ್ತೀರಾ ಎಂದು ಕೇಳಿ. ಹಗಲಿಡೀ ಸರಪಳಿ ಎಂದರೆ ಬೇಡ ಎನ್ನಲು ಹಿಂಜರಿಯಬೇಡಿ. ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಆರರಿಂದ ಎಂಟು ವಾರಕ್ಕೆ ಶುರುವಾದ ಲಸಿಕೆ ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಪ್ರತಿ ವರ್ಷ: ಈ ತಾರೀಖುಗಳನ್ನು ಕಾರ್ಡಿನಲ್ಲಿ ಬರೆದು, ಆಶ್ರಯದ ಫೋನ್ ನಂಬರಿನ ಜೊತೆ ಕೈಗಿಡಿ.

ಮೂರನೆಯ ದಿನ ಫೋನ್ ಮಾಡಿ. ಮೂಲೆ ಬಿಟ್ಟು ಏಳುತ್ತಿಲ್ಲ, ಊಟ ಮಾಡುತ್ತಿಲ್ಲ ಎಂಬ ದೂರು ಬಂದೇ ಬರುತ್ತದೆ. ಮುಟ್ಟದೆ, ಕರೆಯದೆ ಹತ್ತಿರದಲ್ಲಿ ಸುಮ್ಮನೆ ಕೂರಲು ಹೇಳಿ. ಮೂರನೆಯ ವಾರ ಇನ್ನೊಂದು ಫೋನ್, ಮೂರು ತಿಂಗಳಿಗೆ ಒಂದು ಭೇಟಿ. ಸಾಕಲಾಗದಿದ್ದರೆ ವಾಪಸ್ ತಂದುಬಿಡಿ, ಯಾರೂ ಬೈಯುವುದಿಲ್ಲ ಎಂದು ಕೊಡುವ ದಿನವೇ ಹೇಳಿರಬೇಕು. ಬೈಗುಳಕ್ಕೆ ಹೆದರಿದವರು ನಾಯಿಯನ್ನು ತುಂಗಭದ್ರಾ ಕಾಲುವೆ ದಂಡೆಯ ಮೇಲೋ ಹೆದ್ದಾರಿ ಢಾಬಾ ಬಳಿಯೋ ಇಳಿಸಿ ಬರುತ್ತಾರೆ.